ತೋಟಕ್ಕೆ ಬಂದೂಕು ತರುವ ನೆಂಟ ಮತ್ತು 1972ರ ಕಾಯ್ದೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟ ಮಾಡಿದವರಿಗೆ ಕಾಡುಹಂದಿಯ ಕಾಟ ಎಂಥದ್ದೆಂದು ಯಾರೂ ವಿವರಿಸಬೇಕಾಗಿಲ್ಲ. ನೆಟ್ಟ ಸಸಿಯ ಬುಡವನ್ನು ಮೂತಿಯಿಂದ ಬಗೆದು ಕಾಯಿ ತಿಂದು ಹೋಗುತ್ತವೆ. ಸಾಲಿನ ನಡುವೆ ಬಿತ್ತಿದ ಕಡಲೆಕಾಯಿ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ತೆಂಗು ಫಲ ಕೊಡಲು ಐದಾರು ವರ್ಷ ಬೇಕು, ಹಾಗಾಗಿ ಇಂದು ಕಿತ್ತುಹೋದ ಸಸಿ ಎಂದರೆ ಮುಂದಿನ ಅಷ್ಟು ವರ್ಷದ ಲೆಕ್ಕವೇ ತಪ್ಪಿದಂತೆ. ಹೀಗೆ ಬೇಸತ್ತ ಹೊತ್ತಿನಲ್ಲಿ ಬೆಂಗಳೂರಿನಿಂದಲೋ ಹೊರದೇಶದಿಂದಲೋ ಬಂದ ನೆಂಟನೊಬ್ಬ, ಲೈಸೆನ್ಸ್ ಇರುವ ಬಂದೂಕಿದೆ, ಎರಡು ರಾತ್ರಿ ತೋಟದ ಮನೆಯಲ್ಲಿ ಉಳಿದು ಹಂದಿ ಹೊಡೆದುಕೊಡುತ್ತೇನೆ ಎಂದರೆ ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಅಲ್ಲಿ ಬಾಯಿಮಾತಿನಲ್ಲಿ ಕೊಡುವ ಒಪ್ಪಿಗೆಗೆ ಕಾನೂನಿನಲ್ಲಿ ಕಿಲುಬು ಕಾಸಿನ ಬೆಲೆಯೂ ಇಲ್ಲ. ಅಷ್ಟೇ ಅಲ್ಲ, ಆ ಒಪ್ಪಿಗೆ ಕೊಟ್ಟ ರೈತ ತನಗೆ ನ್ಯಾಯವಾಗಿ ಸಿಗಬೇಕಾದ ಪರಿಹಾರದ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಾನೆ ಎಂಬುದು ನನ್ನ ವಾದ.

ಈ ನೆಂಟನ ತಲೆಯಲ್ಲಿರುವ ಬೇಟೆಯ ಚಿತ್ರ ಬೇರೆ ದೇಶದ್ದು. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಮ್ಯೂಲ್ ಡಿಯರ್ ಎಂಬ ಉದ್ದ ಕಿವಿಯ ಜಿಂಕೆಯನ್ನು ಹೊಡೆಯಲು ಹೊರರಾಜ್ಯದವರೂ ಅರ್ಜಿ ಹಾಕಬಹುದು. ಹಲವು ಕಡೆ ಲಾಟರಿ ಎತ್ತಿ ಇಂತಿಷ್ಟೇ ಮಂದಿಗೆ ಪರವಾನಗಿ ಕೊಡುತ್ತಾರೆ, ಶುಲ್ಕ ಸ್ಥಳೀಯರಿಗಿಂತ ಬಹಳ ಹೆಚ್ಚು. ಪರವಾನಗಿ ಸಿಕ್ಕವರು ಬೆನ್ನಿಗೆ ಚೀಲ ಹೇರಿಕೊಂಡು ದಿನಗಟ್ಟಲೆ ಬೆಟ್ಟದಲ್ಲಿ ಬಿಡಾರ ಹೂಡುತ್ತಾರೆ. ವಯೋಮಿಂಗ್ ರಾಜ್ಯದಲ್ಲಂತೂ ಕೆಲವು ಘೋಷಿತ ಅರಣ್ಯ ಪ್ರದೇಶಗಳಲ್ಲಿ ಹೊರಗಿನವರು ಸ್ಥಳೀಯ ಮಾರ್ಗದರ್ಶಿ ಇಲ್ಲದೆ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವಂತಿಲ್ಲ. ಅದನ್ನು ಕಂಡು ಬಂದವರು ಇಲ್ಲೂ ಎಲ್ಲೋ ಒಂದು ಕಚೇರಿಯಲ್ಲಿ ದುಡ್ಡು ಕಟ್ಟಿದರೆ ಅಂಥದ್ದೊಂದು ಚೀಟಿ ಸಿಕ್ಕೀತು ಎಂದುಕೊಳ್ಳುತ್ತಾರೆ. ನಮ್ಮಲ್ಲೂ ಒಂದು ಕಾಲಕ್ಕೆ ಸಿಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆಗೆ ಕಟ್ಟಳೆ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಮೊದಮೊದಲು ದೊಡ್ಡ ಬೇಟೆಗೆ, ಸಣ್ಣ ಬೇಟೆಗೆ ಬೇರೆಬೇರೆ ಲೈಸೆನ್ಸ್ ಇಟ್ಟಿತ್ತು. 1991ರ ತಿದ್ದುಪಡಿ ಅವನ್ನೆಲ್ಲ ಕಿತ್ತುಹಾಕಿತು. ಅಂದಿನಿಂದ ಹವ್ಯಾಸದ ಬೇಟೆಗೆ ಭಾರತದಲ್ಲಿ ಪರವಾನಗಿ ಎಂಬುದೇ ಇಲ್ಲ, ಊರಿನವನಿಗೂ ಇಲ್ಲ, ಹೊರಗಿನವನಿಗೂ ಇಲ್ಲ.

ಇಲ್ಲಿ ಎರಡು ಬೇರೆ ಲೈಸೆನ್ಸ್‌ಗಳನ್ನು ಒಂದೇ ಎಂದು ಭಾವಿಸುವುದು ಬಹಳ ಜನರ ತಪ್ಪು. ಬಂದೂಕಿನ ಲೈಸೆನ್ಸ್ ಬರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ; ಅದು ಆಯುಧ ಇಟ್ಟುಕೊಳ್ಳಲು ಕೊಟ್ಟ ಅನುಮತಿ. ಆ ಕಾಗದದಲ್ಲಿ ಬೆಳೆ ರಕ್ಷಣೆ ಎಂದು ಬರೆದಿದ್ದರೂ ವನ್ಯಪ್ರಾಣಿಯನ್ನು ಕೊಲ್ಲುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅಂಥ ವಿನಾಯಿತಿ ಇರುವವರೂ ಅದೇ ಬಂದೂಕಿನಿಂದ ಒಂದು ಕಡವೆಯನ್ನು ಹೊಡೆದರೆ ಅಪರಾಧಿಗಳೇ. ಇನ್ನು ಲೈಸೆನ್ಸ್‌ದಾರನು ತನ್ನ ಬಂದೂಕನ್ನು ಒಂದು ರಾತ್ರಿಯ ಮಟ್ಟಿಗೆಂದು ನೆಂಟನ ಕೈಗೆ ಕೊಟ್ಟು ಕಳಿಸಿದರೆ ಅದು ಶಸ್ತ್ರಾಸ್ತ್ರ ಕಾಯ್ದೆಯ ಇನ್ನೊಂದು ಉಲ್ಲಂಘನೆ.

ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ವನ್ಯಜೀವಿ ಕಾಯ್ದೆಯ ಸೆಕ್ಷನ್ 2ರ ಪ್ರಕಾರ ಪ್ರಾಣಿಗೆ ವಿಷ ಇಡುವುದು, ಉರುಳು ಹಾಕುವುದು, ಬಲೆ ಒಡ್ಡುವುದು, ಆಮಿಷ ಇಡುವುದು, ಅಟ್ಟಿಸಿಕೊಂಡು ಹೋಗುವುದು, ಗಾಯಗೊಳಿಸುವುದು, ಹಕ್ಕಿಯ ಮೊಟ್ಟೆ ಎತ್ತುವುದು, ಗೂಡು ಕೆಡಿಸುವುದು ಎಲ್ಲವೂ ಬೇಟೆಯೇ. ಇವುಗಳ ಪ್ರಯತ್ನವೂ ಬೇಟೆಯೇ. ಯುಗಾದಿಯ ಹೊತ್ತಿಗೆ ನಾಯಿ ಬಿಟ್ಟು ಮೊಲ ಅಟ್ಟುವ ರೂಢಿಗೂ, ಬದುವಿನ ಪೊದೆಯಲ್ಲಿ ಗೌಜಲಹಕ್ಕಿಗೆ ಬಲೆ ಹಾಕುವುದಕ್ಕೂ ಸೆಕ್ಷನ್ 9ರ ನಿಷೇಧ ಅನ್ವಯಿಸುತ್ತದೆ. ರೂಢಿ ಎಂಬ ಕಾರಣಕ್ಕೆ ಅದರಲ್ಲಿ ವಿನಾಯಿತಿ ಇಲ್ಲ. ಹಂದಿಗೆಂದು ಬೇಲಿಯ ಸಂದಿಯಲ್ಲಿ ಹಾಕುವ ತಂತಿಯ ಉರುಳಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಗೊತ್ತಾಗುವುದಿಲ್ಲ. 2022ರ ತಿದ್ದುಪಡಿ ಜಾರಿಗೆ ಬಂದ 2023ರ ಏಪ್ರಿಲ್ 1ರ ನಂತರ ಕಾಡುಹಂದಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ಪಟ್ಟಿಯಲ್ಲಿ, ಇದೆ. ಅದನ್ನು ಕೊಂದರೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚಿರತೆ, ಕರಡಿ, ನವಿಲು, ಉಡ, ಕೃಷ್ಣಮೃಗ, ಚಿಂಕಾರ ಇರುವುದು ಮೊದಲನೇ ಅನುಸೂಚಿಯಲ್ಲಿ. ಅಲ್ಲಿ ಸೆರೆವಾಸ ಮೂರು ವರ್ಷಕ್ಕೆ ಕಡಿಮೆ ಇಲ್ಲದಂತೆ ಏಳು ವರ್ಷದವರೆಗೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಹೀಗೆ ಕನಿಷ್ಠ ಶಿಕ್ಷೆ ನಿಗದಿಯಾದ ಅಪರಾಧವನ್ನು ಇಲಾಖೆಗೆ ಹಣ ಕಟ್ಟಿ ರಾಜಿಯಲ್ಲಿ ಮುಗಿಸಿಕೊಳ್ಳಲೂ ಬರುವುದಿಲ್ಲ. ಬೇಲಿಗೆ ಕರೆಂಟ್ ಹರಿಸುವವರ ಕಥೆ ಇನ್ನೂ ಘೋರ: ಲೈನಿನಿಂದ ಕದ್ದು ಎಳೆದರೆ 2003ರ ವಿದ್ಯುತ್ ಕಾಯ್ದೆ, ಬೆಳಗಿನ ಜಾವ ನೀರು ಕಟ್ಟಲು ಬಂದ ಪಕ್ಕದ ಹೊಲದವನು ಸತ್ತರೆ ಭಾರತೀಯ ನ್ಯಾಯ ಸಂಹಿತೆ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ಪಹಣಿ ನನ್ನ ಹೆಸರಲ್ಲಿದೆ, ಕಂದಾಯ ನಾನು ಕಟ್ಟುತ್ತೇನೆ, ನನ್ನ ತೋಟಕ್ಕೆ ನುಗ್ಗಿದ್ದನ್ನು ಹೊಡೆಯಲು ಯಾರ ಅಪ್ಪಣೆ ಏಕೆ? ಪಹಣಿ ಭೂಮಿಯ ಹಕ್ಕನ್ನು ಹೇಳುತ್ತದೆ, ಅದರ ಮೇಲೆ ಓಡಾಡುವ ವನ್ಯಜೀವಿಯ ಹಕ್ಕನ್ನಲ್ಲ. ಸೆಕ್ಷನ್ 9ರ ನಿಷೇಧ ಕಾಡಿಗೆ ಮಾತ್ರ ಸೀಮಿತವಾಗಿಲ್ಲ. ಖಾಸಗಿ ಜಮೀನಿಗೂ ಅಷ್ಟೇ ಅನ್ವಯ. ಬೇಟೆಯಾದ ಪ್ರಾಣಿ ಸೆಕ್ಷನ್ 39ರಂತೆ ರಾಜ್ಯ ಸರ್ಕಾರದ ಸ್ವತ್ತು. ಅದಕ್ಕಿಂತ ಮುಖ್ಯವಾದದ್ದು ಸೆಕ್ಷನ್ 52: ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನನ್ನು ಅದನ್ನು ಮಾಡಿದವನಂತೆಯೇ ಕಾಣಬೇಕು ಎಂದು ಅದು ಹೇಳುತ್ತದೆ. ತೋಟದ ಮನೆ ಬಿಟ್ಟುಕೊಟ್ಟವನು, ಹಂದಿಯ ಜಾಡು ತೋರಿಸಿದವನು, ಟಾರ್ಚ್ ಹಿಡಿದು ನಿಂತವನು ಈ ಮಾತಿನ ವ್ಯಾಪ್ತಿಗೆ ಬರುತ್ತಾರೆ. ನೆಂಟ ಬೆಳಗಾಗುವುದರೊಳಗೆ ಹೆದ್ದಾರಿ ಹಿಡಿದು ಹೊರಟುಹೋಗುತ್ತಾನೆ. ರಕ್ತದ ಕಲೆ, ಖಾಲಿ ತೋಟಾ, ಹಂಚಿಹೋದ ಬಾಡು ಉಳಿಯುವುದು ತೋಟದ ಯಜಮಾನನ ಸರ್ವೆ ನಂಬರಿನಲ್ಲಿ. ಮಾಂಸ ಯಾರ ಮನೆಯಲ್ಲಿ ಸಿಕ್ಕಿತೋ ಅದು ಅಕ್ರಮವಲ್ಲ ಎಂದು ತೋರಿಸುವ ಹೊಣೆ ಸೆಕ್ಷನ್ 57ರಂತೆ ಆ ಮನೆಯವರ ಮೇಲೆಯೇ ಬೀಳುತ್ತದೆ. ಬಳಸಿದ ವಾಹನ, ಆಯುಧ ಜಪ್ತಿಯಾಗುತ್ತವೆ. ಶಿಕ್ಷೆಯಾದರೆ ಬಂದೂಕಿನ ಲೈಸೆನ್ಸ್ ರದ್ದುಮಾಡಿ ಐದು ವರ್ಷ ಹೊಸದು ಸಿಗದಂತೆ ನ್ಯಾಯಾಲಯ ಆದೇಶಿಸಬಹುದು.

ಆತ್ಮರಕ್ಷಣೆಗೆ ಹೊಡೆದೆ ಎಂದರೆ ಆಯಿತಲ್ಲ ಎಂಬುದು ಎರಡನೆಯ ಆಕ್ಷೇಪ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂದು ಸೆಕ್ಷನ್ 11ರ ಎರಡನೇ ಉಪವಿಧಿ ಸ್ಪಷ್ಟವಾಗಿ ಹೇಳುತ್ತದೆ. ಇದು ನಮ್ಮ ರೈತರಿಗೆ ಇರುವ ನಿಜವಾದ ಹಕ್ಕು. 2019–20ರಲ್ಲಿ ಗುಬ್ಬಿ, ಕುಣಿಗಲ್, ತುಮಕೂರು ಭಾಗದಲ್ಲಿ ಚಿರತೆ ದಾಳಿಗೆ ಜೀವಗಳು ಹೋದದ್ದನ್ನು ನೆನೆದರೆ ಅದು ಎಷ್ಟು ಅಗತ್ಯವೆಂದು ತಿಳಿಯುತ್ತದೆ. ಆದರೆ ಆ ವಿನಾಯಿತಿ ಪ್ರಾಣಕ್ಕೆ, ಬೆಳೆಗಲ್ಲ. ಆ ಗಳಿಗೆಯಲ್ಲಿ ಕಾಯ್ದೆಯನ್ನು ಮುರಿಯುತ್ತಿದ್ದವನಿಗೆ, ಅಂದರೆ ಬೇಟೆಗೆಂದೇ ಹೊಂಚು ಹಾಕಿ ಕೂತವನ ಮೇಲೆ ಗಾಯಗೊಂಡ ಹಂದಿ ಎರಗಿದರೆ ಅವನಿಗೆ, ಈ ರಕ್ಷಣೆ ದೊರೆಯದು. ರಕ್ಷಣೆಗಾಗಿ ಕೊಂದ ಪ್ರಾಣಿಯ ಕಳೇಬರವೂ ಸರ್ಕಾರದ್ದೇ.

ಬೆಳೆಯ ಮಾತಿಗೆ ಬೇರೆ ಬಾಗಿಲಿದೆ, ಅದು ಬಹಳ ರೈತರಿಗೆ ಗೊತ್ತಿಲ್ಲ. ಸೆಕ್ಷನ್ 11ರ ಮೊದಲ ಉಪವಿಧಿಯ ಎರಡನೇ ಭಾಗದಂತೆ, ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯರ ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯ ತಂದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು, ಲಿಖಿತ ಆದೇಶದಿಂದ ನಿರ್ದಿಷ್ಟ ಜಾಗದಲ್ಲಿ ಅದನ್ನು ಬೇಟೆಯಾಡಲು ಅನುಮತಿಸಬಹುದು. ಆಸ್ತಿ ಎಂಬ ಮಾತಿನಲ್ಲಿ ನಿಂತ ಬೆಳೆಯೂ ಸೇರಿದೆ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಹೊರಗಿನವನು ಹಂದಿ ಹೊಡೆಯಲು ಕಾನೂನು ಒಪ್ಪುವ ದಾರಿ ಇದ್ದರೆ ಅದು ಆ ಆದೇಶ, ಇಲ್ಲವೇ ಮುಂದೆ ಹೇಳುವ ಕೇಂದ್ರದ ಅಧಿಸೂಚನೆ. ತೋಟದ ಯಜಮಾನನ ಒಪ್ಪಿಗೆ ಆ ದಾರಿಗಳಲ್ಲಿ ಒಂದಲ್ಲ. ನವಿಲು, ಕೃಷ್ಣಮೃಗದಂಥ ಮೊದಲನೇ ಅನುಸೂಚಿಯವಕ್ಕೆ ಬೆಳೆನಷ್ಟದ ಕಾರಣಕ್ಕೆ ಈ ಅನುಮತಿಯೂ ಸಿಗುವುದಿಲ್ಲ. ಅಲ್ಲಿ ಉಳಿಯುವುದು ಪರಿಹಾರ ಮತ್ತು ಬೇಲಿ ಮಾತ್ರ.

ಚಿಕ್ಕನಾಯಕನಹಳ್ಳಿಯ ಉತ್ತರದ ಹಳ್ಳಿಗಳವರು ಇನ್ನೊಂದು ವಿಷಯ ಗಮನಿಸಬೇಕು. ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಧಾಮದಿಂದ ಹತ್ತು ಕಿಲೋಮೀಟರ್ ಒಳಗೆ ವಾಸವಿದ್ದು ಬಂದೂಕಿನ ಲೈಸೆನ್ಸ್ ಇಟ್ಟುಕೊಂಡವರು ಸೆಕ್ಷನ್ 34ರಂತೆ ತಮ್ಮ ಹೆಸರನ್ನು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಅವರ ಸಮ್ಮತಿ ಇಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ. ಧಾಮದೊಳಗೆ ಅನುಮತಿ ಇಲ್ಲದೆ ಆಯುಧ ಹಿಡಿದು ಕಾಲಿಡುವುದೇ ಅಪರಾಧ, ಅಲ್ಲಿ ಬೇಟೆ ಆಡಿದರೆ ಪ್ರಾಣಿ ಯಾವ ಅನುಸೂಚಿಯದ್ದಾದರೂ ಮೂರು ವರ್ಷದ ಕನಿಷ್ಠ ಶಿಕ್ಷೆ. ಧಾಮವಲ್ಲದ ಕಾಯ್ದಿಟ್ಟ ಅರಣ್ಯಕ್ಕೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ ನಿರ್ಬಂಧಗಳಿವೆ. ಹೆಗಲಿಗೆ ಚೀಲ ಹಾಕಿ ಬೆಟ್ಟ ಹತ್ತುವ ಆಸೆಯಷ್ಟೇ ಇದ್ದವರು ಅರಣ್ಯ ಇಲಾಖೆ 2024ರಲ್ಲಿ ತೆರೆದ ಅರಣ್ಯ ವಿಹಾರ ಜಾಲತಾಣದಲ್ಲಿ ಚಾರಣಕ್ಕೆ ಟಿಕೆಟ್ ಕಾಯ್ದಿರಿಸಬಹುದು.

ಮೂರನೇ ಆಕ್ಷೇಪ ಎಲ್ಲಕ್ಕಿಂತ ತೂಕದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಅರ್ಜಿ ಹಾಕಿದರೆ ಅಲೆದಾಟ, ಬರುವ ಪರಿಹಾರ ಸಸಿ ಕೊಂಡ ದುಡ್ಡಿಗೂ ಸಾಲದು, ಅಷ್ಟರಲ್ಲಿ ಹಂದಿ ಉಳಿದ ಸಾಲನ್ನೂ ಮುಗಿಸಿರುತ್ತದೆ ಎಂದು ರೈತರು ಹೇಳುತ್ತಾರೆ. ಅವರ ಸಿಟ್ಟು ನ್ಯಾಯದ್ದು. ಆದರೆ ಅದೇ ಸಿಟ್ಟಿನಿಂದ ಕದ್ದು ಹೊಡೆಸಿದಾಗ ಏನಾಗುತ್ತದೆ ನೋಡಿ. ನಷ್ಟ ಯಾವ ಕಡತಕ್ಕೂ ಏರುವುದಿಲ್ಲ. ಸೆಕ್ಷನ್ 62ರಲ್ಲಿ ಎರಡನೇ ಅನುಸೂಚಿಯ ಪ್ರಾಣಿಯನ್ನು ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಉಪದ್ರವಕಾರಿ ಎಂದು ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ; 2015ರಲ್ಲಿ ಬಿಹಾರದ ಕೆಲವು ಜಿಲ್ಲೆಗಳಿಗೆ, 2016ರಲ್ಲಿ ಉತ್ತರಾಖಂಡಕ್ಕೆ ಕಾಡುಹಂದಿಯ ವಿಷಯದಲ್ಲಿ ಹಾಗೆ ಅಧಿಸೂಚನೆ ಹೊರಟಿತ್ತು. ಕೇರಳ 2022ರಲ್ಲಿ ಅಪಾಯಕಾರಿ ಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರವರೆಗೆ ಇಳಿಸಿತು. ಇಂಥ ತೀರ್ಮಾನ ಹುಟ್ಟುವುದು ರಾಜ್ಯ ತೋರಿಸಬಲ್ಲ ನಷ್ಟದ ಲೆಕ್ಕದಿಂದ. ಒಂದು ಹೋಬಳಿಯಲ್ಲಿ ನೂರು ಜನರ ಸಸಿ ಹೋಗಿ ಮೂರು ಅರ್ಜಿ ಮಾತ್ರ ಬಂದಿದ್ದರೆ ಕಚೇರಿಯ ಕಣ್ಣಿಗೆ ಅಲ್ಲಿ ಮೂರು ಜನರ ಕಷ್ಟವಷ್ಟೇ ಇದೆ. ಅಮೆರಿಕದಂತೆ ಲೈಸೆನ್ಸ್ ಕೊಡಿ ಎನ್ನುವವರಿಗೂ ಇದೇ ಉತ್ತರ: ಅಲ್ಲಿ ಪ್ರತಿ ಪ್ರದೇಶದ ಜಿಂಕೆಯನ್ನು ಅಂದಾಜು ಮಾಡಿ ಆಮೇಲೆ ಚೀಟಿ ಹಂಚುತ್ತಾರೆ, ಲೆಕ್ಕವೇ ಇಲ್ಲದ ಕಡೆ ಚೀಟಿ ಹಂಚಿದರೆ ಅದು ಲೂಟಿಗೆ ಕೊಟ್ಟ ಪರವಾನಗಿ.

ಆದ್ದರಿಂದ ಹಂದಿ ನುಗ್ಗಿದ ಬೆಳಿಗ್ಗೆಯೇ, ಹೆಜ್ಜೆಗುರುತು ಅಳಿಯುವ ಮೊದಲು, ಕಿತ್ತ ಸಸಿಗಳ ಚಿತ್ರ ತೆಗೆಯಿರಿ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಹೇಳಿ, ಅಷ್ಟಕ್ಕೇ ಬಿಡದೆ ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಲಿ. ಸ್ಥಳ ಮಹಜರಿನಲ್ಲಿ ಸಸಿಗಳ ಸಂಖ್ಯೆ, ವಯಸ್ಸು ಸರಿಯಾಗಿ ಬಂದಿದೆಯೇ ಓದಿ ನೋಡಿ ಸಹಿ ಮಾಡಿ. ಪದೇಪದೇ ನಷ್ಟವಾಗುತ್ತಿದ್ದರೆ ಅಕ್ಕಪಕ್ಕದ ತೋಟದವರು ಸೇರಿ, ಸೆಕ್ಷನ್ 11ರ ಅಡಿ ಕ್ರಮ ಕೋರಿ ಪ್ರತ್ಯೇಕ ಮನವಿ ಬರೆಯಿರಿ. ಗ್ರಾಮ ಪಂಚಾಯಿತಿಯ ನಿರ್ಣಯದ ಪ್ರತಿ ಲಗತ್ತಿಸಿದರೆ ಇನ್ನೂ ಒಳಿತು. ಪ್ರತಿಯೊಂದಕ್ಕೂ ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, ನಿಮ್ಮ ಅರ್ಜಿ ಯಾವ ಮೇಜಿನಲ್ಲಿದೆ ಎಂದು ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು, ಇಲ್ಲವಾದರೆ ಮೇಲ್ಮನವಿ ಇದೆ.

ಬೇರೆಯವರು ಹಾಕಿದ ಉರುಳಿನಲ್ಲಿ ನಿಮ್ಮ ತೋಟದೊಳಗೆ ಪ್ರಾಣಿ ಸತ್ತುಬಿದ್ದಿದ್ದರೆ ಹೂತುಹಾಕಿ ಸುಮ್ಮನಾಗಬೇಡಿ. ಅಂಥದ್ದು ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಬೇಕು. ಯಾರದೋ ತಪ್ಪಿಗೆ ನಿಮ್ಮನ್ನೇ ಹಿಡಿದರೂ ಹಕ್ಕುಗಳಿವೆ: ಬಂಧನದ ಕಾರಣ ತಿಳಿಯುವುದು, ವಕೀಲರನ್ನು ಕಾಣುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅದಕ್ಕಿಂತ ಮೇಲಿನವರು ವಿಚಾರಣೆ ನಡೆಸಿ ಆರೋಪಿಯ ಎದುರಿನಲ್ಲಿ ದಾಖಲಿಸಿದ ಸಾಕ್ಷ್ಯ ಮುಂದೆ ನ್ಯಾಯಾಲಯದಲ್ಲಿ ನಿಲ್ಲುತ್ತದೆ, ಹಾಗಾಗಿ ಓದದೆ, ಅರ್ಥವಾಗದೆ ಯಾವುದಕ್ಕೂ ಸಹಿ ಹಾಕಬಾರದು. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ದೊರೆಯುತ್ತಾರೆ. ಅದಕ್ಕಾಗಿ ಆಯಾ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು.