ಒಂದು ಪಂಚೆಯ ಜಮಾಖರ್ಚು

ನಾವು ಉಡುವ ಪಂಚೆಯ ಬೆಲೆ ಅಂಗಡಿಯ ಚೀಟಿಯಲ್ಲಿರುತ್ತದೆ. ಅದಕ್ಕಾಗಿ ನೆಲ, ನೀರು, ಗಾಳಿ ತೆತ್ತ ಬೆಲೆ ಯಾವ ಚೀಟಿಯಲ್ಲಿಯೂ ಇಲ್ಲ. ಅದನ್ನು ಲೆಕ್ಕ ಹಾಕುವ ಶಾಸ್ತ್ರಕ್ಕೆ ಜೀವನಚಕ್ರದ ಮೌಲ್ಯಮಾಪನವೆಂದು ಹೆಸರು. ಅಮೆರಿಕದ ಕೋಕಾ-ಕೋಲಾ ಕಂಪೆನಿಯು 1969ರಲ್ಲಿ ಪಾನೀಯದ ಬಾಟಲಿ, ಡಬ್ಬಿಗಳನ್ನು ಹೋಲಿಸಲು ಮಾಡಿಸಿದ ಲೆಕ್ಕವು ಇಂಥ ಮೊದಲಿನವುಗಳಲ್ಲೊಂದು. ಈಗಿನ ನಿಯಮಗಳು ಐಎಸ್‌ಓ 14040 ಮತ್ತು 14044ರಲ್ಲಿವೆ.

ಅಂಕಿಗಳನ್ನು ಕೂಡಿಸುವ ಕ್ರಮ ಹೀಗೆ:

1. ಮೊದಲು ಅಳತೆ ಗೊತ್ತುಮಾಡಬೇಕು. “ಒಂದು ಪಂಚೆ” ಎಂದರೆ ಸಾಲದು. “ಒಬ್ಬನಿಗೆ ಒಂದು ವರ್ಷದ ಉಡುಗೆ” ಎನ್ನಬೇಕು. ಬೇಗ ಹರಿಯುವುದನ್ನೂ ಬಹುಕಾಲ ಬಾಳುವುದನ್ನೂ ಆಗಲೇ ಸರಿಯಾಗಿ ತೂಗಬಹುದು.

2. ಹತ್ತಿಯ ಹೊಲ, ಜಿನ್ನಿಂಗ್, ನೂಲು, ನೇಯ್ಗೆ, ಬಿಳುಪು, ಸಾಗಣೆ, ಮನೆಯ ಒಗೆತ, ಕೊನೆಗೆ ಚಿಂದಿ: ಪ್ರತಿ ಹಂತಕ್ಕೂ ಒಂದು ಪುಟ. ಎಡಕ್ಕೆ ಒಳಬಂದ ನೀರು, ಗೊಬ್ಬರ, ವಿದ್ಯುತ್ತು, ಕಲ್ಲಿದ್ದಲು. ಬಲಕ್ಕೆ ಹೊರಹೋದ ಮಾಲು, ಕಸ, ಹೊಗೆ, ಕೊಳೆನೀರು.

3. ಮೀಟರು, ಬಿಲ್ಲುಗಳಿಂದ ಇಡೀ ವರ್ಷದ ಅಂಕಿ ತೆಗೆಯತಕ್ಕದ್ದು. ಒಣಹವೆಯಲ್ಲಿ ನೂಲು ಕಡಿಯದಂತೆ ತೇವ ಕಾಯುವ ಖರ್ಚು ಮಳೆಗಾಲದಲ್ಲಿ ಇರುವಷ್ಟೇ ಇರದು.

4. ತಾಳೆ ನೋಡಬೇಕು. 100 ಕಿಲೋ ಹತ್ತಿಯಿಂದ 85 ಕಿಲೋ ನೂಲು ಬಂದಿದ್ದರೆ, ಮಿಕ್ಕ 15 ಕಿಲೋ ಎಲ್ಲಿ? ಹತ್ತಿಬೀಜದಂತೆ ಮಾರಾಟವಾಗುವ ಮಾಲಿಗೂ ಹೊರೆಯ ಪಾಲು ಹಂಚಬೇಕು.

5. ಅಂಕಿ ಸಿಗದ ಕಡೆ ಸೊನ್ನೆ ಬರೆಯಕೂಡದು. ಪ್ರಕಟವಾದ ಅಂಕಿ ಹಾಕಿ, ಪಕ್ಕದಲ್ಲಿ “ಅಂದಾಜು” ಎಂದು ಕಾಣಿಸಬೇಕು. ಇಲ್ಲವಾದರೆ ಮೀಟರಿಲ್ಲದ ಕಾರ್ಖಾನೆಯೇ ಎಲ್ಲಕ್ಕಿಂತ ಶುದ್ಧವೆನಿಸೀತು!

ಬಾಯ್ಲರಿನ ಕಲ್ಲಿದ್ದಲು, ಮೋರಿಯ ನೀರು ಮೊದಲು ದಾಖಲಾಗುವುದು ನಮ್ಮಂಥ ಗುಮಾಸ್ತರ ರಿಜಿಸ್ಟರಿನಲ್ಲಿ. ಅಲ್ಲಿ ತಪ್ಪಿದ ಅಂಕಿಯನ್ನು ಮುಂದೆ ಯಾವ ಪಂಡಿತನೂ ತಿದ್ದಲಾರ.