ಹಳೆಯ ಕಡತ, ಸಣ್ಣ ತಂತ್ರಾಂಶ: ಒಂಬತ್ತನೆಯ ತರಗತಿಯ ಎರಡು ಪಾಠಗಳ ಅವಲೋಕನ

ಯಡ್ರಾಮಿಯ ಪ್ರೌಢಶಾಲೆಯೊಂದಕ್ಕೆ ಬೋಧನಾಭ್ಯಾಸಕ್ಕೆ ಹೋಗಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರಿಗೆ ಅಲ್ಲಿನ ಗಣಕಯಂತ್ರದ ಕೋಣೆಯಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದ ಒಂದು ಹಳೆಯ ಯಂತ್ರ ಸಿಕ್ಕಿತು. ಅದರೊಳಗೆ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಟೈಪು ಮಾಡಿಟ್ಟ ಕಡತವೊಂದಿತ್ತು. ಅವರು ಸುತ್ತಲಿನ ಊರುಗಳ ಭಜನಾ ಮೇಳದವರಿಂದ ಕೇಳಿ ಬರೆದುಕೊಂಡಿದ್ದ ತತ್ವಪದಗಳು ಅವು. ಕಡಕೋಳ ಮಡಿವಾಳಪ್ಪನವರ ಊರು ಇದೇ ಸೀಮೆಯದಾದ್ದರಿಂದ ಹೆಚ್ಚಿನವು ಅವರ ಅಂಕಿತದವೇ. ಕಡತವನ್ನು ಶಾಲೆಯ ಹೊಸ ಲ್ಯಾಪ್‌ಟಾಪಿಗೆ ಹಾಕಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ 'ಎ'ಗಳು, ನಡುನಡುವೆ ಪೌಂಡ್ ಗುರುತು.

ಇದನ್ನೇ ಪಾಠ ಮಾಡುವುದೆಂದು ನಿರ್ಧರಿಸಿದೆವು. ಘಟಕದ ಹೆಸರು 'ಗಣಕಯಂತ್ರದಲ್ಲಿ ಕನ್ನಡ'. ಮೊದಲನೆಯ ಪಾಠ ಸೋತಿತು. ಅದರಲ್ಲಿ ನನ್ನ ಪಾಲೂ ಇದೆ, ಪಾಠ ಟಿಪ್ಪಣಿಗೆ ಸಹಿ ಹಾಕಿದವನು ನಾನೇ.

ಆ ಟಿಪ್ಪಣಿಯ ಪೀಠಿಕೆ ಶೇರ್‌ವೇರ್ ಎಂಬ ಪದದಿಂದ ಆರಂಭವಾಗುತ್ತಿತ್ತು. 1982ರಲ್ಲಿ ಅಮೆರಿಕದಲ್ಲಿ ಪಿಸಿ-ಟಾಕ್, ಪಿಸಿ-ಫೈಲ್ ಎಂಬ ಸಣ್ಣ ತಂತ್ರಾಂಶಗಳನ್ನು ಅವುಗಳ ಕರ್ತೃಗಳು ಮನೆಯಲ್ಲೇ ಬರೆದರು. ಫ್ಲಾಪಿಯಲ್ಲಿ ಪ್ರತಿ ಮಾಡಿ ಹಂಚಿಕೊಳ್ಳಿ, ಉಪಯೋಗವಾದರೆ ಹಣ ಕಳಿಸಿ ಎಂದು ಬಿಟ್ಟರು. ಮುಂದೆ ಪಿಸಿ-ರೈಟ್ ಬಂತು, ಶೇರ್‌ವೇರ್ ಎಂಬ ಹೆಸರು ನಿಂತಿತು. ಎಲ್ಲವೂ ನಿಜ. ಆದರೆ ಹದಿನೈದು ನಿಮಿಷ ಇದನ್ನೇ ಕೇಳಿದ ಮಕ್ಕಳಿಗೆ ಫ್ಲಾಪಿ ಎಂದರೇನೆಂಬುದೇ ಗೊತ್ತಿರಲಿಲ್ಲ. ಕಡತ ತೋರಿಸುವ ಹೊತ್ತಿಗೆ ಗಂಟೆ ಹೊಡೆಯಿತು. ಹೊರಗೆ ಹೋಗುತ್ತ ಒಬ್ಬ ಹುಡುಗ ಕೇಳಿದ, "ಸರ್, ಅದು ಕನ್ನಡಾ ಅಂತೀರಿ, ಮತ್ತ ಪೌಂಡಿನ ಗುರ್ತು ಯಾಕ ಬಂದದರೀ?" ಪಾಠ ಶುರುವಾಗಬೇಕಿದ್ದುದು ಅಲ್ಲಿಂದ. ಮರುಬೋಧನೆಯ ಟಿಪ್ಪಣಿಯನ್ನು ಆ ಪ್ರಶ್ನೆಯ ಮೇಲೆಯೇ ಕಟ್ಟಿದೆವು.

ಉತ್ತರ ಹೀಗೆ. ಹಿಂದಿನ ಅಕ್ಷರಶೈಲಿಗಳಲ್ಲಿ ಒಂದೊಂದು ಅಕ್ಷರಕ್ಕೆ 0ಯಿಂದ 255ರೊಳಗಿನ ಒಂದು ಸಂಖ್ಯೆ ಮಾತ್ರ ಸಿಗುತ್ತಿತ್ತು. ಅದರಲ್ಲೂ ಮೊದಲರ್ಧ ಇಂಗ್ಲಿಷಿನದು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಅಷ್ಟರೊಳಗೆ ಹಿಡಿಯುವುದಿಲ್ಲ. ಆದ್ದರಿಂದ ಅಕ್ಷರವನ್ನು ತುಂಡು ಮಾಡಿ, ತುಂಡಿಗೊಂದು ಸಂಖ್ಯೆ ಕೊಟ್ಟು, ಇಂಗ್ಲಿಷಿನ ಜಾಗದಲ್ಲಿ ಆ ಚಿತ್ರಗಳನ್ನು ಕೂರಿಸಿದರು. ನುಡಿ ಅಕ್ಷರಶೈಲಿಯಲ್ಲಿ 'ಕನ್ನಡ' ಎಂದರೆ ಯಂತ್ರದೊಳಗೆ 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳು. 80 ಎಂಬುದು ತಲೆಕಟ್ಟಿಲ್ಲದ ಕ, 192 ತಲೆಕಟ್ಟು, 163 ತಲೆಕಟ್ಟಿಲ್ಲದ ನ, 223 ನ ಒತ್ತು. ನುಡಿ ಇಲ್ಲದ ಯಂತ್ರ 163ನ್ನು ಕಂಡಾಗ ತನಗೆ ತಿಳಿದ ಪೌಂಡ್ ಗುರುತನ್ನು ತೋರಿಸುತ್ತದೆ. ಯೂನಿಕೋಡಿನಲ್ಲಾದರೆ ಅದೇ ಪದಕ್ಕೆ ಐದೇ ಸಂಖ್ಯೆ: 3221, 3240, 3277, 3240, 3233. ಇಲ್ಲಿ ಕ ಎಂದರೆ ಕ, ನ ಎಂದರೆ ನ, 3277 ಎಂದರೆ ಅವನ್ನು ಕೂಡಿಸುವ ಅರ್ಧಾಕ್ಷರದ ಚಿಹ್ನೆ. ತಲೆಕಟ್ಟನ್ನು ಬರೆಯುವ ಹೊಣೆ ಅಕ್ಷರಶೈಲಿಯದು, ಅದಕ್ಕೆ ಪ್ರತ್ಯೇಕ ಸಂಖ್ಯೆ ಬೇಡ.

ಎರಡನೆಯ ಪಾಠದಲ್ಲಿ ಯಂತ್ರವನ್ನು ಮೊದಲ ಅರ್ಧ ಗಂಟೆ ಮುಟ್ಟಲೇ ಇಲ್ಲ. ಬೋಧನೋಪಕರಣವೆಂದರೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು. ಒಂದು ಬದಿಗೆ ಸಂಖ್ಯೆ, ಇನ್ನೊಂದು ಬದಿಗೆ ಅಕ್ಷರದ ತುಂಡು. ಮಕ್ಕಳು ನಾಲ್ವರ ಗುಂಪಿನಲ್ಲಿ ಕುಳಿತು ತಮ್ಮ ಊರಿನ ಹೆಸರನ್ನು ಜೋಡಿಸಬೇಕು. 'ಯಡ್ರಾಮಿ'ಗೆ ಒಂಬತ್ತು ಚೀಟಿ ಬೇಕಾದವು: 65, 105, 192, 196, 113, 193, 230, 171, 196. ಯ ಅಕ್ಷರವೊಂದಕ್ಕೇ ನಾಲ್ಕು. ಅದರಲ್ಲಿ ಮೊದಲನೆಯದು ಅನುಸ್ವಾರದ ಸೊನ್ನೆ ಎಂದು ಹುಡುಗಿಯೊಬ್ಬಳು ಕಂಡುಹಿಡಿದಳು. "ಸರ್, ಯ ಬರೀಲಿಕ್ಕ ಸೊನ್ನಿ ಕಡಾ ತಗೊಂಡಾರ್ರೀ!" ಅಕ್ಷರದ ಆಕಾರವನ್ನು ಇಷ್ಟು ಹತ್ತಿರದಿಂದ ನೋಡುವುದು ಕಾಪಿ ಬರೆಯಿಸಿದರೂ ಆಗುವುದಿಲ್ಲ. ಯೂನಿಕೋಡಿನಲ್ಲಿ ಅದೇ ಹೆಸರು ಏಳು ಸಂಖ್ಯೆ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಏಳೇ ಕೀಲಿ. ರಾವ್ ಅವರು ಆ ವಿನ್ಯಾಸವನ್ನು ಹಣ ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟರು, ನುಡಿಯ ಕೀಲಿಮಣೆ ಅದನ್ನೇ ಆಧರಿಸಿದೆ ಎಂಬ ಮಾತು ಇಲ್ಲಿ ಸಹಜವಾಗಿ ಬಂತು.

ಆಮೇಲೆ ಪರಿವರ್ತನೆ. ಹಳೆಯ ಸಂಖ್ಯೆಗಳನ್ನು ಕೊಟ್ಟು ಯೂನಿಕೋಡಿಗೆ ತನ್ನಿ ಎಂದರು ಪ್ರಶಿಕ್ಷಣಾರ್ಥಿ. ಪಾಠದ ನಿಜವಾದ ಸತ್ವ ಇರುವುದು ಮಕ್ಕಳು ಇಲ್ಲಿ ಮಾಡಿದ ತಪ್ಪುಗಳಲ್ಲಿ. ಒಂದು ಗುಂಪು 'ಮಡಿವಾಳಪ್ಪ' ಎಂಬುದನ್ನು 'ವುಡಿವಾಳಪ್ಪ' ಎಂದು ಓದಿತು. ಕಾರಣ ಸರಳ. ಹಳೆಯ ವ್ಯವಸ್ಥೆಯಲ್ಲಿ 170, 192 ಸೇರಿದರೆ ವ. ಅದಕ್ಕೆ 196, ಅಂದರೆ ಕೊಂಬು, ಸೇರಿದರೆ ಮ. ನಿಜವಾದ ವು ಬೇಕಾದರೆ ಬೇರೆಯ ಕೊಂಬು, 197. ಗುಂಪಿನವರು ಮೊದಲ ಎರಡು ಚೀಟಿ ಕಂಡೊಡನೆ ವ ಎಂದು ಬರೆದು, ಉಳಿದ ಕೊಂಬನ್ನು ಅದಕ್ಕೇ ಹಚ್ಚಿಬಿಟ್ಟರು. ಇನ್ನೊಂದು ಗುಂಪಿಗೆ 'ಜೇವರ್ಗಿ' ಎಂಬುದು 'ಜೇವಗಿರ್' ಆಯಿತು. ಹಳೆಯ ಕಡತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಗಿಯ ಹಿಂದೆ ನಿಂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರ ಮೊದಲು.

ಇಲ್ಲಿ ಪ್ರಶಿಕ್ಷಣಾರ್ಥಿ ಉತ್ತರ ಹೇಳಲಿಲ್ಲ. ಎರಡೂ ಗುಂಪಿನ ಚೀಟಿಗಳನ್ನು ಕಪ್ಪುಹಲಗೆಯ ಮೇಲೆ ಅಂಟಿಸಿ, "ಯಂತ್ರಕ್ಕೆ ಏನಂತ ಹೇಳಿದರ ಈ ತಪ್ಪು ಮಾಡಂಗಿಲ್ಲ?" ಎಂದು ಕೇಳಿ ಸುಮ್ಮನೆ ನಿಂತರು. ತರಗತಿ ಕೊನೆಗೆ ಎರಡು ನಿಯಮ ಕೊಟ್ಟಿತು. ಉದ್ದನೆಯ ಜೋಡಣೆಯನ್ನು ಮೊದಲು ಹುಡುಕು, ಸಿಗದಿದ್ದರೆ ಮಾತ್ರ ಗಿಡ್ಡದ್ದಕ್ಕೆ ಬಾ. ಅರ್ಕಾವತ್ತು ಸಿಕ್ಕರೆ ಒಂದು ಅಕ್ಷರ ಹಿಂದೆ ಹೋಗಿ ಅದರ ಮುಂದೆ ಇಡು. ಮನೆಯಲ್ಲಿ ಕುಳಿತು ಒಬ್ಬರೇ ಬರೆಯಬಹುದಾದ ಪರಿವರ್ತಕ ತಂತ್ರಾಂಶದ ಹೊಟ್ಟೆಯೊಳಗೆ ಇರುವುದು ಒಂದು ಉದ್ದನೆಯ ಕೋಷ್ಟಕ ಮತ್ತು ಇಂಥ ಕೆಲವು ನಿಯಮಗಳು, ಅಷ್ಟೆ. ಸೂಕ್ಷ್ಮ ಬೋಧನೆಯಲ್ಲಿ 'ಮೌನ' ಎಂಬ ಕೌಶಲವನ್ನು ಎಷ್ಟು ಹೇಳಿದರೂ ನಮ್ಮವರು ಮೂರು ಸೆಕೆಂಡಿಗೆ ಮಾತಾಡಿಬಿಡುತ್ತಾರೆ. ಅಂದು ಹಾಗಾಗಲಿಲ್ಲ.

ಈಗ 'ಬರಹ'ದ ಕತೆಗೆ ಜಾಗವಿತ್ತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಅದನ್ನು ಹೊರತಂದರು. ಕಂಪನಿಯೊಂದರ ಉತ್ಪನ್ನವಲ್ಲ, ಒಬ್ಬರ ಆಸಕ್ತಿಯ ಕೆಲಸ. ಇಂಗ್ಲಿಷ್ ಕೀಲಿಗಳಲ್ಲಿ ಉಚ್ಚಾರ ಹೊಡೆದರೆ ಕನ್ನಡ ಮೂಡುವ ಆ ಸಣ್ಣ ತಂತ್ರಾಂಶ ಉಚಿತವಾಗಿ ಸಿಗುತ್ತಿತ್ತು. ಹಳೆಯ ಅಕ್ಷರಶೈಲಿಯ ಬರವಣಿಗೆಯನ್ನು ಯೂನಿಕೋಡಿಗೆ ತರುವ ಸೌಲಭ್ಯವೂ ಮುಂದೆ ಅದರಲ್ಲಿ ಸೇರಿತು. ನಂತರದ ಆವೃತ್ತಿಗಳಿಗೆ ಬೆಲೆ ಬಂತು. ಇದನ್ನು ಕೇಳಿದ ಹುಡುಗನೊಬ್ಬ, "ಮೊದಲ ಪುಕ್ಕಟ ಕೊಟ್ಟು ಆಮ್ಯಾಲ ರೊಕ್ಕ ಕೇಳೂದು ಸರಿ ಏನ್ರೀ?" ಎಂದ. ಪಕ್ಕದವಳು, "ನಮ್ಮಪ್ಪ ಪಂಪ್‌ಸೆಟ್ ರಿಪೇರಿ ಮಾಡ್ತಾನ, ಎಷ್ಟು ದಿನ ಪುಕ್ಕಟ ಮಾಡ್ಬೇಕು?" ಎಂದಳು. ಆಗ ಶೇರ್‌ವೇರ್ ಎಂಬ ಪದ ಹಲಗೆಯ ಮೇಲೆ ಬಂತು. ಮೊದಲ ಪಾಠದಲ್ಲಿ ಹದಿನೈದು ನಿಮಿಷ ತಿಂದ ವಿಷಯ ಇಲ್ಲಿ ನಾಲ್ಕು ನಿಮಿಷದಲ್ಲಿ ಮುಗಿಯಿತು. ವಿನ್‌ರಾರ್ ನಲವತ್ತು ದಿನದ ನಂತರವೂ ತೆರೆದುಕೊಳ್ಳುತ್ತ, ಖರೀದಿಸಿ ಎಂದು ನೆನಪಿಸುತ್ತಲೇ ಇರುವುದನ್ನು ನೋಡಿದ್ದವರು ತರಗತಿಯಲ್ಲಿ ಇಬ್ಬರಿದ್ದರು.

ಕಡತವನ್ನು ಪರಿವರ್ತಕದಲ್ಲಿ ಹಾಕಿದಾಗ ಪದಗಳು ಒಂದೊಂದಾಗಿ ಕನ್ನಡವಾಗಿ ಪರದೆಯ ಮೇಲೆ ಬಂದವು. ಅಷ್ಟಕ್ಕೇ ಪಾಠ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತೇನೋ. ತಪ್ಪು ತಿದ್ದಲು ಪುಟಗಳನ್ನು ಗುಂಪುಗಳಿಗೆ ಹಂಚಿದೆವು. ಅಲ್ಲಲ್ಲಿ ಉಳಿದಿದ್ದ ಒತ್ತಕ್ಷರದ ದೋಷಗಳನ್ನು ಮಕ್ಕಳು ಚೆನ್ನಾಗಿಯೇ ಹಿಡಿದರು. ಜೊತೆಗೆ 'ಹ್ಯಾಂಗ' ಇದ್ದಲ್ಲಿ 'ಹೇಗೆ' ಎಂದೂ, 'ಇಲ್ಲೋ' ಇದ್ದಲ್ಲಿ 'ಇಲ್ಲ' ಎಂದೂ ತಿದ್ದಿಟ್ಟರು. ಮನೆಯಲ್ಲಿ ತಾವೇ ಆಡುವ ಮಾತನ್ನು ಯಂತ್ರದ ತಪ್ಪೆಂದು ತಿಳಿದರು. ಪಠ್ಯಪುಸ್ತಕದ ಕನ್ನಡವೊಂದೇ ಸರಿ ಎಂದು ಅವರಿಗೆ ಕಲಿಸಿದವರು ನಾವೇ ಅಲ್ಲವೆ?

ನಿವೃತ್ತ ಶಿಕ್ಷಕರನ್ನು ಮರುವಾರ ಶಾಲೆಗೆ ಕರೆಸಿದೆವು. ತಿದ್ದಿದ ಹಾಳೆಗಳನ್ನು ಓದಿ ಅವರು ಸಿಟ್ಟಾಗಲಿಲ್ಲ. "ಇದನ್ನ ಹಾಡಿದ ಇಬ್ಬರು ಈಗ ಇಲ್ಲ. ಅವರು ಹಿಂಗ ಹಾಡಿಲ್ಲ ತಮ್ಮಾ" ಎಂದು ಒಂದು ಪದವನ್ನು ತಾವೇ ಹಾಡಿ ತೋರಿಸಿದರು. 'ಹೇಗೆ' ಎಂದು ಹಾಡಿದರೆ ತಾಳ ತಪ್ಪುವುದು ಎಲ್ಲರಿಗೂ ಕೇಳಿಸಿತು. ಮಕ್ಕಳು ಅಂದೇ ಮೂಲ ರೂಪಗಳನ್ನು ಮರಳಿ ಹಾಕಿದರು. ಹಳೆಯ ಕಡತವನ್ನು ಅಳಿಸದೆ ಹೊಸದರ ಜೊತೆಗೇ ಪೆನ್‌ಡ್ರೈವಿನಲ್ಲಿ ಇಡಲಾಗಿದೆ. ಮೂರು ಪದಗಳಲ್ಲಿ ಯಂತ್ರದ ದೋಷವೋ ಹಾಡಿನ ಪಾಠಾಂತರವೋ ತಿಳಿಯದ ಸಾಲುಗಳಿವೆ. ಅವುಗಳ ಪಕ್ಕದಲ್ಲಿ ಪೆನ್ಸಿಲಿನ ಗುರುತು ಹಾಕಿ, ಮುಂದಿನ ತಂಡದವರು ಮೇಳದವರ ಬಳಿ ಹೋಗಿ ಕೇಳಿಬರಲೆಂದು ಹಾಳೆಗಳನ್ನು ಕನ್ನಡ ಶಿಕ್ಷಕರ ಕಪಾಟಿನಲ್ಲಿ ಬಿಟ್ಟು ಬಂದಿದ್ದೇವೆ.