ರಿಮೋಟ್ ಕಾರು ಕೈತಪ್ಪಿ ಓಡಿದರೆ

ಗ್ರೇಟರ್ ನೋಯ್ಡಾದಿಂದ ಬರೆದ ತಾಯಿಗೆ,

ಮಗನ ಕಾರು ಅಪಾರ್ಟ್‌ಮೆಂಟ್ ಅಂಗಳದಲ್ಲಿ ಸಿಗ್ನಲ್ ತಪ್ಪಿಯೂ ನಿಲ್ಲದೆ ಓಡಿ ಗೋಡೆಗೆ ಬಡಿಯಿತು ಎಂದಿದ್ದೀರಿ. ಹೊಸ ರಿಸೀವರ್ ಕೊಳ್ಳುವ ಮೊದಲು ಈಗಿರುವುದರ ‘ಫೇಲ್‌ಸೇಫ್’ ನೋಡಿ. ಸಂಪರ್ಕ ಕಡಿದಾಗ ಮೋಟಾರು ಏನು ಮಾಡಬೇಕೆಂದು ಅದು ಮೊದಲೇ ಹೇಳಿಟ್ಟಿರುತ್ತದೆ. ಥ್ರಾಟಲ್ ನಡುಸ್ಥಾನದಲ್ಲಿರುವಾಗ ಅದನ್ನು ಉಳಿಸಬೇಕು; ವೇಗದಲ್ಲಿದ್ದಾಗ ಉಳಿಸಿಬಿಟ್ಟರೆ ಕಾರು ಅದೇ ವೇಗದಲ್ಲಿ ಓಡುತ್ತದೆ. ನನ್ನ ಅನುಮಾನ ಇದರ ಮೇಲೆಯೇ. ಗುಂಡಿ ಯಾವುದು, ಕ್ರಮ ಏನು ಎಂಬುದು ಮಾದರಿಗೊಂದು ರೀತಿ, ಕೈಪಿಡಿ ತೆರೆಯಿರಿ.

ಪರೀಕ್ಷೆ ಸುಲಭ. ಚಕ್ರಗಳು ಗಾಳಿಯಲ್ಲಿ ತಿರುಗುವಂತೆ ಕಾರನ್ನು ಡಬ್ಬಿಯ ಮೇಲಿಡಿ. ಸ್ವಲ್ಪ ಥ್ರಾಟಲ್ ಕೊಟ್ಟು ರಿಮೋಟ್ ಆರಿಸಿ. ಚಕ್ರ ನಿಲ್ಲಲೇಬೇಕು. ಆದರೆ ದಿನನಿತ್ಯ ಮೊದಲು ರಿಮೋಟ್, ನಂತರ ಕಾರು ಹಚ್ಚಬೇಕು. ಆರಿಸುವಾಗ ಮೊದಲು ಕಾರು.

ಆಂಟೆನಾ ಕತ್ತರಿಸಬೇಡಿ, ಮಡಚಬೇಡಿ. 2.4 ಗಿಗಾಹರ್ಟ್ಸ್ ರಿಸೀವರಿನ ತುದಿಯ ಸುಮಾರು 31 ಮಿಲಿಮೀಟರ್ ತಂತಿಯೇ ಅಲೆ ಹಿಡಿಯುವುದು. ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಮೋಟಾರು, ಬ್ಯಾಟರಿಯಿಂದ ದೂರವಿಡಿ. ಮನೆಮನೆಯ ವೈಫೈ ಕೂಡ ಇದೇ ಪಟ್ಟಿಯಲ್ಲಿ ಓಡುವುದರಿಂದ ಬಹುಮಹಡಿಗಳ ನಡುವೆ ಇದು ಇನ್ನೂ ಮುಖ್ಯ.

7.4 ವೋಲ್ಟ್ ಬ್ಯಾಟರಿಯನ್ನು ನೇರ ರಿಸೀವರಿಗೆ ಚುಚ್ಚಬೇಡಿ; ವೇಗ ನಿಯಂತ್ರಕದಿಂದ ಬರುವ ಐದಾರು ವೋಲ್ಟ್ ಸಾಕು.

2011ರಿಂದ 2013ರವರೆಗೆ ಫಾರ್ಮುಲಾ ಒನ್ ಓಡಿದ ಊರು ನಿಮ್ಮದು, ಮಗನಿಗೆ ವೇಗದ ಹುಚ್ಚು ಸಹಜ. ಚಿಕ್ಕ ಮಕ್ಕಳು ಆಡುವ ಅಂಗಳಕ್ಕೆ ಮಾತ್ರ, ಈ ಪರೀಕ್ಷೆ ಪಾಸಾಗುವವರೆಗೆ ದಯವಿಟ್ಟು ಕಾರು ಇಳಿಸಬೇಡಿ.